ಚಾರ್ಲಿಯ ಹುಟ್ಟುಹಬ್ಬ

ಮಕ್ಕಳ ಹುಟ್ಟುಹಬ್ಬಕ್ಕೆ ಮನರಂಜನೆಯ ಏರ್ಪಾಡೊಂದು ಬೇಕೆಂಬ ಯೋಚನೆ ನಮ್ಮ ಹಿರಿಯರಿಗೆ ಬಂದಂತೆ ಕಾಣುವುದಿಲ್ಲ. ಜನ್ಮನಕ್ಷತ್ರದ ದಿನ ಮಗುವಿಗೆ ಎಣ್ಣೆನೀರು ಹಾಕಿ, ಹೊಸ ಬಟ್ಟೆ ತೊಡಿಸಿ, ಮಣೆಯ ಮೇಲೆ ಕೂರಿಸಿ ಆರತಿ ಎತ್ತಿ, ಹಿರಿಯರಿಗೆ ನಮಸ್ಕಾರ ಮಾಡಿಸಿ, ಪಾಯಸದ ಊಟ ಬಡಿಸಿದರೆ ವರ್ಧಂತಿ ಮುಗಿಯಿತು. ಮೊದಲನೆಯ ವರ್ಷವಾದರೆ ಒಂದು ಆಯುಷ್ಯಹೋಮ. ಮೆರವಣಿಗೆ, ದರ್ಬಾರು, ಸಂಗೀತ ಇವೆಲ್ಲ ಅರಸರ ವರ್ಧಂತಿಗೆ ಸಂದ ಮರ್ಯಾದೆಗಳು. ಇನ್ನು ಬಡವರ ಮನೆಯ ಮಾತು ಬೇರೆಯೇ. ಅಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟರು ಅಂದಾಜಿನ ಮೇಲೆ ಬರೆದುಕೊಂಡದ್ದೇ ಹುಟ್ಟಿದ ತಾರೀಖು.

ಈಗ ಹಾಗಿಲ್ಲ. ನಮ್ಮ ಊರುಗಳಲ್ಲಿಯೂ ಐದು ವರ್ಷದ ಮಗುವಿನ ಹುಟ್ಟುಹಬ್ಬಕ್ಕೆ ಛತ್ರ ಹಿಡಿಯುವುದುಂಟು; ಕಮಾನಿಗೆ ಬೆಲೂನು ಕಟ್ಟುವುದುಂಟು; ಕೇಕಿನ ಮೇಲೆ ಮೇಣದ ಬತ್ತಿ ಹಚ್ಚಿ ಆರಿಸುವುದಂತೂ ಶಾಸ್ತ್ರವೇ ಆಗಿಹೋಗಿದೆ. ದೀಪ ಹಚ್ಚಿ ಹರಸುವ ನಾಡಿನಲ್ಲಿ ಆರಿಸಿ ಹರಸುವುದೆಂತು ಎಂದು ಗೊಣಗುವ ಅಜ್ಜಿಯರು ಇನ್ನೂ ಇದ್ದಾರೆ. ಅವರನ್ನು ಯಾರೂ ಕೇಳುವುದಿಲ್ಲ. ಈ ಏರ್ಪಾಡುಗಳ ನಡುವೆ ಕರಿಯ ಕೋಟು ತೊಟ್ಟು, ಟೋಪಿಯೊಳಗಿನಿಂದ ಕರವಸ್ತ್ರಗಳ ಸರ ಎಳೆಯುವ ಜಾದೂಗಾರನೊಬ್ಬ ಇದ್ದೇ ಇರುತ್ತಾನೆ. ಮೇಣದ ಬತ್ತಿಯ ವಿಷಯವಾಗಿ, ಅದು ಜರ್ಮನಿಯ ಮನೆಗಳಿಂದ ಹೊರಟು ಲೋಕವನ್ನೆಲ್ಲ ಸುತ್ತಿತೆಂದು ಹೇಳಿ ಮುಂದೆ ಹೋಗಬಹುದು. ಜಾದೂಗಾರನ ಕಥೆ ಅಷ್ಟು ಸುಲಭವಾಗಿ ಮುಗಿಯುವುದಲ್ಲ. ಆತ ಮಕ್ಕಳ ಹುಟ್ಟುಹಬ್ಬದ ಕೋಣೆಯನ್ನು ಹೊಕ್ಕದ್ದನ್ನು ಕಣ್ಣಿಗೆ ಕಟ್ಟುವಂತೆ ಕಾಣಬೇಕಾದರೆ ಹತ್ತೊಂಬತ್ತನೆಯ ಶತಮಾನದ ಲಂಡನ್ನಿಗೆ, ಒಬ್ಬ ಕಾದಂಬರಿಕಾರನ ಮನೆಗೆ ಹೋಗಬೇಕು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್. ಹುಟ್ಟುಹಬ್ಬ ಆತನ ಹಿರಿಯ ಮಗ ಚಾರ್ಲಿಯದು.

ಚಾರ್ಲಿ ಹುಟ್ಟಿದ್ದು 1837ರ ಜನವರಿ 6ರಂದು. ಕ್ರಿಸ್ತಜಯಂತಿಯ ಸಂಭ್ರಮ ಕೊನೆಗೊಳ್ಳುವ ಹನ್ನೆರಡನೆಯ ದಿನದ ಹಬ್ಬ ಅದೇ ದಿನ. ಇಂಗ್ಲೆಂಡಿನಲ್ಲಿ ಆಗ ಆ ಹಬ್ಬಕ್ಕೆ ತನ್ನದೇ ಆದ ದೊಡ್ಡ ಕೇಕು, ತನ್ನದೇ ಆದ ಆಟ ಇದ್ದವು. ಅತಿಥಿಗಳು ಚೀಟಿ ಎತ್ತಬೇಕು. ಚೀಟಿಯಲ್ಲಿ ರಾಜನ ಚಿತ್ರವಿದ್ದರೆ ಆತ ಆ ರಾತ್ರಿಯ ರಾಜ, ವಿದೂಷಕನ ಚಿತ್ರವಿದ್ದರೆ ವಿದೂಷಕ. ಆ ಪಾತ್ರವನ್ನು ಸಭೆ ಮುಗಿಯುವ ತನಕ ಬಿಡುವಂತಿಲ್ಲ. ಹೀಗೆ ಚಾರ್ಲಿಯ ಹುಟ್ಟುಹಬ್ಬಕ್ಕೆ ಪಂಚಾಂಗವೇ ಅರ್ಧ ಮನರಂಜನೆಯನ್ನು ಒದಗಿಸಿಕೊಟ್ಟಿತ್ತು. ಉಳಿದರ್ಧವನ್ನು ಅಪ್ಪ ಹೊತ್ತುಕೊಂಡ.

ಆ ಕೇಕಿನ ಗಾತ್ರವನ್ನು ಊಹಿಸಿಕೊಳ್ಳಲು ಒಂದು ಪ್ರಸಂಗ ಸಾಕು. 1845ರಲ್ಲಿ ಡಿಕನ್ಸ್ ಸಂಸಾರಸಮೇತನಾಗಿ ಇಟಲಿಯ ಜಿನೋವಾದಲ್ಲಿದ್ದ. ಆತನ ಹಿತೈಷಿಣಿ, ಅಂದಿನ ಇಂಗ್ಲೆಂಡಿನ ಬಹು ದೊಡ್ಡ ಶ್ರೀಮಂತೆ ಏಂಜೆಲಾ ಬರ್ಡೆಟ್ ಕೂಟ್ಸ್, ಚಾರ್ಲಿಗಾಗಿ ಲಂಡನ್ನಿನಿಂದ ಅಲ್ಲಿಗೆ ಕಳಿಸಿದ ಕೇಕು ತೊಂಬತ್ತು ಪೌಂಡು ತೂಗುತ್ತಿತ್ತು. ಅದರೊಡನೆ ಬಂದ ಪಾತ್ರಗಳ ಚೀಟಿಗಳನ್ನು ಮಾತ್ರ, ಇವೇನು ಗುಪ್ತ ಸಂಕೇತಗಳೋ ಎಂಬಂತೆ, ಸುಂಕದ ಕಟ್ಟೆಯವರು ತಡೆಹಿಡಿದರು. ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡಂತೆ ಎನ್ನುವ ನಮ್ಮ ಗಾದೆ ಇಟಲಿಗೂ ಸಲ್ಲುತ್ತದೆ.

ಆದರೆ ಕೇಕು ಹಣವಿದ್ದವರ ಕೊಡುಗೆ. ನಾವು ನೋಡಬೇಕಾದದ್ದು ಅಪ್ಪನ ಕೊಡುಗೆಯನ್ನು. 1842ರ ಕೊನೆಯ ದಿನ ಅಮೆರಿಕದ ಗೆಳೆಯ ಫೆಲ್ಟನ್ನನಿಗೆ ಬರೆದ ಪತ್ರದಲ್ಲಿ ಡಿಕನ್ಸ್, ಬರಲಿರುವ ಮಕ್ಕಳನ್ನು ಎಣಿಸಲು ಸರ್ಕಾರದ ಲೆಕ್ಕಾಧಿಕಾರಿಗೂ ಸಾಧ್ಯವಿಲ್ಲವೆಂದು ಬೀಗುತ್ತಾನೆ. ಗೋಡೆಯ ಮೇಲೆ ಬಣ್ಣದ ಚಿತ್ರ ಬೀಳಿಸುವ ಮಾಯಾದೀಪವೊಂದನ್ನು ಆಗಲೇ ತಂದಿಟ್ಟಾಗಿದೆ. ಅದಕ್ಕಿಂತ ಮಿಗಿಲಾದ ಸುದ್ದಿಯೆಂದರೆ, ತಾನೂ ಗೆಳೆಯ ಜಾನ್ ಫಾರ್ಸ್ಟರನೂ ಸೇರಿ ಒಬ್ಬ ಜಾದೂಗಾರನ ಇಡೀ ಸಾಮಗ್ರಿಯನ್ನೇ ಕೊಂಡುಬಿಟ್ಟಿದ್ದಾರೆ! ಆಟ ಕಟ್ಟುವ ಭಾರ ಡಿಕನ್ಸನದು. ಬಾಗಿಲು ಹಾಕಿಕೊಂಡು, ಮೆಚ್ಚುವವರು ಯಾರೂ ಇಲ್ಲದೆ, ಒಬ್ಬನೇ ಅಭ್ಯಾಸ ಮಾಡುತ್ತಿದ್ದಾನೆ. ಅತಿಥಿಯ ಗಡಿಯಾರ ಚಹಾಪುಡಿಯ ಡಬ್ಬಿಯೊಳಗೆ ಸಿಕ್ಕಬೇಕು, ನಾಣ್ಯ ಹಾರಬೇಕು, ಸುಟ್ಟ ಕರವಸ್ತ್ರ ಸುಡದೆ ಉಳಿಯಬೇಕು. ಜೊತೆಗಾರ ಬೇಕಾದ ಆಟಗಳಿಗೆ ಚಿತ್ರಕಾರ ಕ್ಲಾರ್ಕ್‌ಸನ್ ಸ್ಟ್ಯಾನ್‌ಫೀಲ್ಡ್ ಇದ್ದಾನೆ. ಪುಣ್ಯಾತ್ಮ ಪ್ರತಿಯೊಂದು ಸಲವೂ ತಪ್ಪದೆ ತಪ್ಪನ್ನೇ ಮಾಡುತ್ತಾನೆ. ನೋಡುವವರಿಗೆ ಅದರಿಂದ ಇಮ್ಮಡಿ ಆನಂದ. ಈ ಸ್ಟ್ಯಾನ್‌ಫೀಲ್ಡನ ಹೆಸರನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಆತ ಮತ್ತೊಮ್ಮೆ ಬರುತ್ತಾನೆ.

ಮರುವರ್ಷದ ಆಟವೊಂದಕ್ಕೆ ನಮಗೆ ಬಲು ಒಳ್ಳೆಯ ಸಾಕ್ಷಿ ದೊರೆತಿದ್ದಾಳೆ. ಅದು ಡಿಕನ್ಸನ ಮನೆಯ ಸಮಾರಂಭವಲ್ಲ. ಪ್ರಸಿದ್ಧ ನಟ ಮ್ಯಾಕ್ರೆಡಿ ಅಮೆರಿಕದ ಪ್ರವಾಸದಲ್ಲಿದ್ದ. 1843ರ ಡಿಸೆಂಬರ್ 26ರಂದು ಆತನ ಮಗಳು ನೀನಾಳ ಹುಟ್ಟುಹಬ್ಬ. ಅಪ್ಪನಿಲ್ಲದ ಮನೆಯಲ್ಲಿ ಹಬ್ಬ ಸಪ್ಪಗಾಗಬಾರದೆಂದು ಗೆಳೆಯರು ಟೊಂಕ ಕಟ್ಟಿದರು. ಅಲ್ಲಿಗೆ ಹೋಗಿದ್ದವರಲ್ಲಿ ಥಾಮಸ್ ಕಾರ್ಲೈಲನ ಹೆಂಡತಿ ಜೇನ್ ಒಬ್ಬಳು. ನಿದ್ದೆಗೆಟ್ಟ, ತಲೆಶೂಲೆಯ ಹೆಂಗಸು, ನಾಲಗೆ ಚೂಪು, ಸುಲಭವಾಗಿ ಹೊಗಳುವವಳಲ್ಲ. ಅಂಥವಳು, ದುಡ್ಡು ಕೊಟ್ಟು ನೋಡಿದ ಜಾದೂಗಾರರನ್ನೂ ಸೇರಿಸಿಕೊಂಡು, ಡಿಕನ್ಸನಂಥವನನ್ನು ತಾನು ಕಂಡಿಲ್ಲವೆಂದು ಬರೆದಳು. ಒಂದು ಗಂಟೆಯ ಕಾಲ ಆಟ ನಡೆಯಿತು. ಯಾರೋ ಮಹನೀಯರ ಟೋಪಿಯೊಳಗೆ ಹಸಿ ಹಿಟ್ಟು, ಹಸಿ ಮೊಟ್ಟೆ ಮೊದಲಾದ ಪದಾರ್ಥಗಳನ್ನು ಸುರಿದು, ಕ್ಷಣಮಾತ್ರದಲ್ಲಿ ಹಬೆಯಾಡುವ ದ್ರಾಕ್ಷಿಯ ಪುಡ್ಡಿಂಗನ್ನು ಅದರಿಂದ ಮಗುಚಿದನಂತೆ. ಹೆಂಗಸರ ಕರವಸ್ತ್ರಗಳು ಮಿಠಾಯಿಗಳಾದವು. ತೌಡು ತುಂಬಿದ ಪೆಟ್ಟಿಗೆಯಿಂದ ಜೀವಂತ ಗಿನಿಪಿಗ್ ಹೊರಬಂತು. ಫಾರ್ಸ್ಟರ್ ಬೆವರು ಸುರಿಸುತ್ತ ಸಹಾಯಕ್ಕೆ ನಿಂತಿದ್ದ. ಭೀಮಕಾಯದ ಥ್ಯಾಕರೆ ನೋಡುವವರಲ್ಲಿದ್ದ. ಅನಂತರ ಕುಣಿತ, ಊಟ, ಗದ್ದಲ. ಕುಣಿಯಲು ಬಾ ಎಂದು ಡಿಕನ್ಸ್ ಜೇನಳ ಮುಂದೆ ಮೊಣಕಾಲೂರುವುದೊಂದನ್ನು ಬಿಟ್ಟು ಎಲ್ಲ ರೀತಿಯಲ್ಲಿ ಬೇಡಿದರೂ ಆಕೆ ಒಪ್ಪಲಿಲ್ಲ. ಆದರೂ ದೊಡ್ಡ ಮನೆಗಳ ಗಂಭೀರ ಕೂಟಗಳಲ್ಲಿ ಕಾಣದ ಸುಖವನ್ನು ಈ ಮಕ್ಕಳ ಸಮಾರಂಭದಲ್ಲಿ ಕಂಡೆನೆಂದು ಒಪ್ಪಿಕೊಂಡಳು.

ತಾರೀಖನ್ನು ಗಮನಿಸಬೇಕು. ಅದಕ್ಕೆ ಸರಿಯಾಗಿ ಒಂದು ವಾರದ ಹಿಂದೆ, ಡಿಸೆಂಬರ್ 19ರಂದು, ‘ಎ ಕ್ರಿಸ್‌ಮಸ್ ಕ್ಯಾರೊಲ್’ ಪ್ರಕಟವಾಗಿತ್ತು. ಆರು ವಾರಗಳ ಕಾಲ ಹಗಲಿರುಳೆನ್ನದೆ ಬರೆದು ಮುಗಿಸಿದ ಪುಸ್ತಕ. ಮೊದಲ ಮುದ್ರಣದ ಆರು ಸಾವಿರ ಪ್ರತಿಗಳು ಕ್ರಿಸ್‌ಮಸ್ಸಿನ ಹೊತ್ತಿಗೆ ಮಾರಾಟವಾಗಿದ್ದವು. ಅಂಥ ವಾರದಲ್ಲಿ ನಮ್ಮ ಲೇಖಕರಾದರೆ ಸನ್ಮಾನ ಸ್ವೀಕರಿಸುತ್ತ ಕುಳಿತಿರುತ್ತಿದ್ದರೇನೋ. ಆ ಮೂವತ್ತೊಂದರ ತರುಣ ಇನ್ನೊಬ್ಬರ ಮನೆಯಲ್ಲಿ ತೌಡಿನ ಪೆಟ್ಟಿಗೆಯೊಳಗೆ ಗಿನಿಪಿಗ್ ಅಡಗಿಸುತ್ತಿದ್ದ.

ಹೊಗಳಿಸಿಕೊಳ್ಳುವ ಚಟ ಆತನಿಗೆ ಧಾರಾಳವಾಗಿತ್ತು. ಅದನ್ನು ಅಲ್ಲಗಳೆಯುವುದಕ್ಕೆ ನಾನು ಹೊರಟಿಲ್ಲ. ಆದರೆ ಅಷ್ಟರಿಂದಲೇ ಈ ಶ್ರಮವೆಲ್ಲ ಅರ್ಥವಾಗುವುದಿಲ್ಲ. ಡಿಕನ್ಸನ ಬಾಲ್ಯ ಹನ್ನೆರಡನೆಯ ವಯಸ್ಸಿಗೆ ತುಂಡಾಗಿತ್ತು. 1824ರಲ್ಲಿ ಅಪ್ಪ ಸಾಲ ತೀರಿಸಲಾಗದೆ ಮಾರ್ಷಲ್‌ಸೀ ಸೆರೆಮನೆ ಸೇರಿದ. ಹುಡುಗ ಥೇಮ್ಸ್ ನದಿಯ ದಡದ ಒಂದು ಕಾರ್ಖಾನೆಯಲ್ಲಿ ಬೂಟಿನ ಕಪ್ಪು ಬಣ್ಣದ ಡಬ್ಬಿಗಳಿಗೆ ಚೀಟಿ ಅಂಟಿಸಿದ. ಈ ಸಂಗತಿಯನ್ನು ಆತ ಫಾರ್ಸ್ಟರನಿಗೆ ತಿಳಿಸಿದ್ದುಂಟು, ಮಕ್ಕಳಿಗೆ ಹೇಳಲಿಲ್ಲ. ಅಪ್ಪ 1870ರಲ್ಲಿ ತೀರಿಕೊಂಡ ಮೇಲೆ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದಲೇ ಅವರಿಗೆ ಅದು ತಿಳಿದದ್ದು. ಜನವರಿ 6 ಬಂತೆಂದರೆ ಅಪ್ಪನಿಗೇಕೆ ಇಷ್ಟು ಆವೇಶವೆಂದು ಆ ಮಕ್ಕಳು ಬೆರಗಾಗಿರಬೇಕು. ಕಾರಣ ಇದೇ ಎಂದು ಸಾಧಿಸಲು ನಾನು ಮನಶ್ಶಾಸ್ತ್ರಜ್ಞನಲ್ಲ. ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟಿದ್ದೇನೆ, ಅಷ್ಟೆ.

ಮಗಳು ಮೇಮಿ ತನ್ನ ನೆನಪುಗಳಲ್ಲಿ ಎರಡು ವಿವರಗಳನ್ನು ಉಳಿಸಿಕೊಟ್ಟಿದ್ದಾಳೆ. ಒಂದು, ಪೋಲ್ಕಾ ಕುಣಿತದ್ದು. ಹುಟ್ಟುಹಬ್ಬಕ್ಕಾಗಿ ಅಪ್ಪ ತನ್ನ ಇಬ್ಬರು ಪುಟ್ಟ ಹೆಣ್ಣುಮಕ್ಕಳಿಂದ ಹೆಜ್ಜೆ ಕಲಿತ. ಒಂದು ಚಳಿಯ ರಾತ್ರಿ, ಹೆಜ್ಜೆ ಮರೆತುಹೋಯಿತೇ ಎಂಬ ಗಾಬರಿಯಿಂದ ಎಚ್ಚರಗೊಂಡು, ಹಾಸಿಗೆಯಿಂದಿಳಿದು, ಒಬ್ಬನೇ ಕುಣಿದು ನೋಡಿದನಂತೆ. ಇನ್ನೊಂದು, ಜಾದೂವಿನ ನಡುವೆ ಬರುತ್ತಿದ್ದ ಒಂದು ಪುಟ್ಟ ಗೊಂಬೆ. ಅದು ಮಾಯವಾಗುವುದು, ಮತ್ತೆ ಪ್ರತ್ಯಕ್ಷವಾಗುವುದು. ಹಾಗೆ ಪ್ರತ್ಯಕ್ಷವಾದಾಗಲೆಲ್ಲ ಎದುರು ಕುಳಿತ ಒಂದೊಂದು ಮಗುವಿಗೂ ನಿರೀಕ್ಷಿಸದ ಒಂದೊಂದು ಸುದ್ದಿಯನ್ನು, ಸಂದೇಶವನ್ನು ತರುವುದು. ಮಕ್ಕಳು ಈ ಗೊಂಬೆಗಾಗಿ ಕಾದು ಕುಳಿತಿರುತ್ತಿದ್ದರಂತೆ.

ಈ ಗೊಂಬೆಯ ಆಟ ನನಗೆ ಪುಡ್ಡಿಂಗಿಗಿಂತ ದೊಡ್ಡದಾಗಿ ಕಾಣುತ್ತದೆ. ಪುಡ್ಡಿಂಗಿಗೆ ಬೇಕಾದದ್ದು ಕೈಚಳಕ. ಅದನ್ನು ಅಂಗಡಿಯಲ್ಲಿ ಕೊಂಡ ಪೆಟ್ಟಿಗೆಯಿಂದಲೂ ಸಾಧಿಸಬಹುದು. ಆದರೆ ಸುದ್ದಿ ಹೇಳುವ ಗೊಂಬೆಗೆ, ಎದುರಿಗಿರುವ ಮಕ್ಕಳಲ್ಲಿ ಯಾರಿಗೆ ಹಲ್ಲು ಬಿದ್ದಿದೆ, ಯಾರು ಅಣ್ಣನೊಡನೆ ಜಗಳವಾಡಿ ಬಂದಿದ್ದಾರೆ, ಯಾರಿಗೆ ಊರಿಗೆ ಹೋದ ಅಪ್ಪನ ನೆನಪು ಕಾಡುತ್ತಿದೆ ಎಂಬುದೆಲ್ಲ ತಿಳಿದಿರಬೇಕು. ಮಕ್ಕಳ ಪರಿಚಯವಿಲ್ಲದ ಮನುಷ್ಯನಿಂದ ಆಗುವ ಕೆಲಸವಲ್ಲ ಅದು. ಇವತ್ತು ಬಾಡಿಗೆಗೆ ಬರುವ ಜಾದೂಗಾರ ಎಷ್ಟೇ ನಿಪುಣನಾಗಿರಲಿ, ಅವನಿಗೆ ಧ್ವನಿವರ್ಧಕದಲ್ಲಿ ಕೂಗಲು ಮಗುವಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಡಬೇಕಾಗುತ್ತದೆ.

ಈ ಜಾದೂವಿನ ಕಥೆಯಲ್ಲಿ ನಮ್ಮವರದೂ ಒಂದು ಪಾಲಿದೆ. 1849ರಲ್ಲಿ ಡಿಕನ್ಸ್ ವೈಟ್ ದ್ವೀಪದ ಬಾನ್‌ಚರ್ಚ್ ಎಂಬಲ್ಲಿ ರಜೆ ಕಳೆಯುತ್ತಿದ್ದಾಗ ಒಂದು ಖಾಸಗಿ ಪ್ರದರ್ಶನ ಕೊಟ್ಟ. ಅದಕ್ಕೆ ತಾನೇ ಒಂದು ಜಾಹೀರಾತನ್ನು ಬರೆದ. ಅದರ ಪ್ರಕಾರ ಆತ ಡಿಕನ್ಸನಲ್ಲ, ಅಪ್ರತಿಮ ಮಾಂತ್ರಿಕ ‘ರಿಯಾ ರಾಮಾ ರೂಸ್’. ಆತನ ಒಂದು ಆಟ ರಷ್ಯದ ಗಣಿಗಳಲ್ಲಿ ಒಂಬತ್ತು ವರ್ಷ ಏಕಾಂತದಲ್ಲಿದ್ದು ಸಿದ್ಧಿಸಿಕೊಂಡದ್ದು. ಇನ್ನೊಂದನ್ನು ಐದು ಸಾವಿರ ಗಿನಿ ತೆತ್ತು ಚೀನದ ಅಧಿಕಾರಿಯೊಬ್ಬನಿಂದ ಕೊಂಡದ್ದು. ಗುಟ್ಟನ್ನು ಮಾರಿದ ದುಃಖದಿಂದ ಆ ಬಡಪಾಯಿ ಕೂಡಲೇ ಸತ್ತುಹೋದ. ‘ರಾಮಾ’ ಎಂಬ ಶಬ್ದ ಅಲ್ಲಿಗೆ ಹೇಗೆ ಬಂತು? ಅಂದಿನ ಇಂಗ್ಲೆಂಡಿನಲ್ಲಿ ಇಂದ್ರಜಾಲವೆಂದರೆ ಭಾರತದ ಗಾರುಡಿಗರ ವಿದ್ಯೆ. ನೆಪೋಲಿಯನ್ನನ ಯುದ್ಧಗಳು ಮುಗಿಯುವ ಕಾಲದಿಂದ ಅವರು ಲಂಡನ್ನಿನಲ್ಲಿ ಆಟ ಕಟ್ಟುತ್ತಿದ್ದರು. ತನ್ನನ್ನು ಭಾರತೀಯ ಗಾರುಡಿಗರ ಮುಖ್ಯಸ್ಥನೆಂದು ಸಾರಿಕೊಂಡ ‘ಖಿಯಾ ಖಾನ್ ಖ್ರೂಸ್’ ಎಂಬಾತನ ಹೆಸರಿನ ಧಾಟಿಯನ್ನೇ ಡಿಕನ್ಸ್ ಅಣಕಿಸಿದ್ದು.

ಆ ಗಾರುಡಿಗರಲ್ಲಿ ಹೆಚ್ಚು ಹೆಸರಾದವನನ್ನು ಇಂಗ್ಲಿಷರು ‘ರಾಮೋ ಸಾಮಿ’ ಎಂದು ಕರೆದರು. ದಕ್ಷಿಣದವನೆಂಬುದಕ್ಕೆ ಹೆಸರೇ ಸಾಕ್ಷಿ. ಮನೆಯಲ್ಲಿ ಆತ ರಾಮಸ್ವಾಮಿಯಾಗಿದ್ದಿರಬೇಕು. ಬಟ್ಟಲು ಮತ್ತು ಗುಂಡುಗಳ ಆಟ, ಬಾಯೊಳಗೇ ಮಣಿಗಳನ್ನು ಕುದುರೆಯ ಕೂದಲಿಗೆ ಪೋಣಿಸುವುದು, ಕತ್ತಿ ನುಂಗುವುದು — ನಮ್ಮ ಸಂತೆಗಳಲ್ಲಿ ಒಂದು ಕಾಲಕ್ಕೆ ಸಾಮಾನ್ಯವಾಗಿದ್ದ ವಿದ್ಯೆಗಳೇ ಅವು. ಪ್ರಬಂಧಕಾರ ಹ್ಯಾಜ್‌ಲಿಟ್ 1821ರಲ್ಲಿ ಬೆಳಕು ಕಂಡ ತನ್ನ ಪ್ರಬಂಧದಲ್ಲಿ ಭಾರತದ ಗಾರುಡಿಗನೊಬ್ಬ ನಾಲ್ಕು ಹಿತ್ತಾಳೆಯ ಗುಂಡುಗಳನ್ನು ಗಾಳಿಯಲ್ಲಿ ಆಡಿಸುವುದನ್ನು ವರ್ಣಿಸಿ, ಅಷ್ಟು ಅಚ್ಚುಕಟ್ಟಾಗಿ ತಾನು ಮಾಡಬಲ್ಲ ಕೆಲಸ ಒಂದಾದರೂ ಉಂಟೇ ಎಂದು ನಾಚಿಕೊಂಡ. ರಾಮಸ್ವಾಮಿ ಇಂಗ್ಲೆಂಡಿನಲ್ಲಿಯೇ ಸಂಸಾರ ಹೂಡಿ, ದಶಕಗಳ ಕಾಲ ಆಡಿ, 1850ರಲ್ಲಿ ಲಂಡನ್ನಿನಲ್ಲಿ ಸತ್ತ. ಶವಸಂಸ್ಕಾರಕ್ಕೆ ಹಣವಿಲ್ಲದೆ ಆತನ ವಿಧವೆ ಪತ್ರಿಕೆಯ ಮೂಲಕ ಸಾರ್ವಜನಿಕರ ಮುಂದೆ ಸೆರಗೊಡ್ಡಬೇಕಾಯಿತು. ಬಾನ್‌ಚರ್ಚಿನ ‘ರಾಮಾ’ ನಗೆ ಉಕ್ಕಿಸಿದ ಮರುವರ್ಷವೇ ನಡೆದದ್ದು ಇದು. ಹುಟ್ಟುಹಬ್ಬದ ಜಾದೂ ಪಶ್ಚಿಮದಿಂದ ಬಂದ ಫ್ಯಾಷನ್ನೆಂದು ನಾವು ಭಾವಿಸುತ್ತೇವೆ. ಹೌದು, ಬಂದದ್ದು ಅಲ್ಲಿಂದಲೇ. ಆದರೆ ಅಲ್ಲಿಗೆ ಹೋದ ಕೈಗಳಲ್ಲಿ ಕೆಲವು ಇಲ್ಲಿಯವು.

ಮತ್ತೆ ಚಾರ್ಲಿಯ ಹುಟ್ಟುಹಬ್ಬಕ್ಕೆ ಬರೋಣ. 1851ರ ಕೊನೆಗೆ ಸಂಸಾರ ಟ್ಯಾವಿಸ್ಟಾಕ್ ಹೌಸ್ ಎಂಬ ದೊಡ್ಡ ಮನೆಗೆ ಹೋಯಿತು. ಅಲ್ಲಿ ಮಕ್ಕಳು ಪಾಠ ಕಲಿಯುವ ಕೋಣೆಯೇ ಜನವರಿ 6ರಂದು ನಾಟಕಶಾಲೆಯಾಗುತ್ತಿತ್ತು; ಜಗತ್ತಿನ ಅತ್ಯಂತ ಚಿಕ್ಕ ರಂಗಮಂದಿರವೆಂದು ಡಿಕನ್ಸ್ ಅದಕ್ಕೆ ಬಿರುದು ಕೊಟ್ಟ. 1854ರಲ್ಲಿ ಫೀಲ್ಡಿಂಗನ ‘ಟಾಮ್ ಥಂಬ್’; ಆ ಅಂಗುಷ್ಠಮಾತ್ರದ ವೀರನ ಪಾತ್ರ ಐದು ವರ್ಷವೂ ತುಂಬದ ಹೆನ್ರಿಯದು. ಥ್ಯಾಕರೆ ನಕ್ಕು ನಕ್ಕು ಕುರ್ಚಿಯಿಂದ ಉರುಳಿಬಿದ್ದ. 1855ರಲ್ಲಿ ‘ಫಾರ್ಚೂನಿಯೋ’. ಎರಡು ವರ್ಷದ ಕೂಸು ಎಡ್ವರ್ಡನೂ ಅದರಲ್ಲಿದ್ದ. ಈ ನಟನನ್ನು ಅಪಾರ ವೆಚ್ಚದಿಂದ ಮಲಗಗೊಡದೆ ಎಚ್ಚರವಿರಿಸಲಾಗಿದೆಯೆಂದು ನಾಟಕದ ಪ್ರಕಟಣೆ ಸಾರಿತು. ಮಕ್ಕಳನ್ನು ಮಲಗಿಸುವ ಹೊತ್ತಿನಲ್ಲಿ ಏಗಿದ ಯಾವ ತಂದೆತಾಯಿಗೂ ಈ ಹಾಸ್ಯವನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಇದುವರೆಗೆ ಮಕ್ಕಳು ನೋಡುವವರಾಗಿದ್ದರು, ಈಗ ಆಡುವವರಾದರು. ಡಿಕನ್ಸನ ಏರ್ಪಾಡುಗಳಲ್ಲಿ ಇವೆರಡು ವರ್ಷದವೇ ಉತ್ತಮವಾದವೆಂದು ನನ್ನ ಎಣಿಕೆ.

ಮುಂದೆ ಆಟ ಬೆಳೆಯಿತು. ಬೆಳೆದದ್ದು ಮಕ್ಕಳ ಅಳತೆಗೆ ಅಲ್ಲ. 1857ರ ಜನವರಿ 6ಕ್ಕೆ ಚಾರ್ಲಿಗೆ ಇಪ್ಪತ್ತು ತುಂಬಿತು. ಅಂದು ಆಡಿದ ನಾಟಕ ವಿಲ್ಕಿ ಕಾಲಿನ್ಸ್ ಬರೆದ ‘ದಿ ಫ್ರೋಜ಼ನ್ ಡೀಪ್’: ಉತ್ತರ ಧ್ರುವದ ಹಿಮದಲ್ಲಿ ಸಿಕ್ಕಿಬಿದ್ದ ನಾವಿಕರು, ಪ್ರೇಮದಲ್ಲಿ ಸೋತವನೊಬ್ಬ ತನ್ನ ಪ್ರತಿಸ್ಪರ್ಧಿಯನ್ನು ಉಳಿಸಿ ಪ್ರಾಣ ಬಿಡುವ ಕಥೆ. ಹುಟ್ಟುಹಬ್ಬಕ್ಕೂ ಇದಕ್ಕೂ ಏನು ಸಂಬಂಧ? ಡಿಕನ್ಸ್ ಆ ಪಾತ್ರಕ್ಕಾಗಿ ಗಡ್ಡ ಬಿಟ್ಟ. ಪಾಠದ ಕೋಣೆ ಸಾಲದೆ ಹೊರಕ್ಕೆ ರಂಗವನ್ನು ವಿಸ್ತರಿಸಿದರು. ವಾರಗಟ್ಟಲೆ ಮನೆಯ ತುಂಬ ಬಡಗಿಗಳ ಸದ್ದು. ಹಿಮದ ಪರದೆಗಳಲ್ಲಿ ಕೆಲವನ್ನು ಬರೆದವನು ಹದಿನಾಲ್ಕು ವರ್ಷಗಳ ಹಿಂದೆ ಜಾದೂ ಕೆಡಿಸಿ ಮಕ್ಕಳನ್ನು ನಗಿಸಿದ ಅದೇ ಸ್ಟ್ಯಾನ್‌ಫೀಲ್ಡ್. ಆದರೆ ಈ ಸಲ ತಪ್ಪಿಗೆ ಅವಕಾಶವಿರಲಿಲ್ಲ. ಪ್ರತಿ ರಾತ್ರಿಯೂ ತೊಂಬತ್ತರಷ್ಟು ಆಹ್ವಾನಿತರು; ಅವರಲ್ಲಿ ಲಂಡನ್ನಿನ ಗಣ್ಯರು, ಪತ್ರಿಕೆಗಳ ವಿಮರ್ಶಕರು. ಚಾರ್ಲಿಗೂ ಒಂದು ಪಾತ್ರವಿತ್ತು; ತನ್ನ ಹುಟ್ಟುಹಬ್ಬದಲ್ಲಿ ಆತ ಅಪ್ಪನ ಪಕ್ಕದಲ್ಲಿ ನಿಂತ ಒಬ್ಬ ನಾವಿಕ. ಅಪ್ಪನ ಅಭಿನಯಕ್ಕೆ ಸಭೆ ಕಣ್ಣೀರಿಟ್ಟಿತು. ಹುಟ್ಟುಹಬ್ಬದ ಮನರಂಜನೆ ಕಲೆಯ ದೃಷ್ಟಿಯಿಂದ ಇದಕ್ಕಿಂತ ಎತ್ತರಕ್ಕೆ ಏರಿದ್ದು ಇನ್ನೆಲ್ಲಿಯೂ ಇರಲಾರದು. ಅದು ಅಷ್ಟು ಎತ್ತರ ಏರಬೇಕಾಗಿತ್ತೇ ಎಂಬುದು ಬೇರೆ ಪ್ರಶ್ನೆ.

ಏರಿದ್ದು ಅಲ್ಲಿಗೇ ನಿಲ್ಲಲಿಲ್ಲ. ಜೂನ್ ತಿಂಗಳಲ್ಲಿ ಗೆಳೆಯ ಡಗ್ಲಸ್ ಜೆರಲ್ಡ್ ತೀರಿಕೊಂಡ. ಆತನ ಸಂಸಾರಕ್ಕೆ ನಿಧಿ ಕೂಡಿಸಲೆಂದು ನಾಟಕ ಮತ್ತೆ ಆಡಿದರು. ಜುಲೈ 4ರಂದು ವಿಕ್ಟೋರಿಯಾ ರಾಣಿಯೂ ನೋಡಿದಳು. ಆಗಸ್ಟಿನಲ್ಲಿ ಮ್ಯಾಂಚೆಸ್ಟರಿನ ಭಾರಿ ಸಭಾಭವನ. ಮನೆಯ ಹೆಣ್ಣುಮಕ್ಕಳ ದನಿ ಅಲ್ಲಿ ಕೇಳಿಸುವುದಿಲ್ಲವೆಂದು ಮೇಮಿ, ಕೇಟಿ ಮೊದಲಾದವರನ್ನು ಬಿಟ್ಟು ವೃತ್ತಿನಟಿಯರನ್ನು ಕರೆತಂದರು. ಹಾಗೆ ಬಂದವರಲ್ಲಿ ಹದಿನೆಂಟು ವರ್ಷದ ಎಲೆನ್ ಟರ್ನನ್ ಒಬ್ಬಳು. ಡಿಕನ್ಸನ ಮನಸ್ಸು ಆಕೆಯ ಕಡೆಗೆ ಹರಿಯಿತು. ಇಪ್ಪತ್ತೆರಡು ವರ್ಷದ ದಾಂಪತ್ಯ, ಮೊದಲೇ ಬಿರುಕು ಬಿಟ್ಟಿದ್ದು, 1858ರ ಬೇಸಗೆಯಲ್ಲಿ ಮುರಿದುಬಿತ್ತು. ಹೆಂಡತಿ ಕ್ಯಾಥರೀನ್ ಮನೆ ಬಿಟ್ಟಳು. ಆಕೆಯನ್ನು ಹಳಿಯುವಂಥ ಪತ್ರವೊಂದನ್ನು ಗಂಡ ಬರೆದದ್ದು ಪತ್ರಿಕೆಗಳವರೆಗೂ ಹೋಯಿತು. ಇದಕ್ಕೆ ಹುಟ್ಟುಹಬ್ಬದ ನಾಟಕವೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಆದರೆ ದಾರಿ ಪಾಠದ ಕೋಣೆಯಿಂದ ಹೊರಟು ಮ್ಯಾಂಚೆಸ್ಟರಿಗೆ ಹೋದದ್ದು ಮಾತ್ರ ನಿಜ. ಆ ದಾರಿಯಲ್ಲಿ ಮಕ್ಕಳು ಮೊದಲು ಪ್ರೇಕ್ಷಕರ ಸ್ಥಾನ ಕಳೆದುಕೊಂಡರು, ಆಮೇಲೆ ನಟರ ಸ್ಥಾನವನ್ನೂ.

ತಾಯಿ ಹೊಸ ಬಿಡಾರಕ್ಕೆ ಹೋಗುವಾಗ ಉಳಿದ ಮಕ್ಕಳೆಲ್ಲ ತಂದೆಯ ಕಡೆ ಉಳಿಯಬೇಕೆಂದು ಗೊತ್ತಾಯಿತು. ಚಾರ್ಲಿಯೊಬ್ಬನೇ ತಾಯಿಯೊಡನೆ ಹೋದ. ಹಾಗೆ ಹೋಗುವ ಮುನ್ನ ತಂದೆಗೆ ಒಂದು ಪತ್ರ ಬರೆದು, ತಾನು ಅಮ್ಮನನ್ನು ಆರಿಸಿಕೊಂಡದ್ದು ಅಪ್ಪನ ಮೇಲಿನ ಪ್ರೀತಿ ಕಡಮೆಯೆಂದಲ್ಲ, ಅದು ತನ್ನ ಕರ್ತವ್ಯವೆಂದು ತೋರಿದ್ದರಿಂದ ಎಂದು ತಿಳಿಸಿದ. ಆಗ ಆತನಿಗೆ ಇಪ್ಪತ್ತೊಂದು ವರ್ಷ.